ಅಪ್‌ಡೇಟ್: ಮೈನಸ್ 15ರಲ್ಲಿ 30 ಕಿ.ಮೀ. ಓಟ, ನೀರು ಮತ್ತು ನಡುಕದ ಪ್ರಶ್ನೆ

ಡಿಸೆಂಬರ್‌ನಲ್ಲಿ ಕೇಳಿದ್ದೆ: ಷಿಕಾಗೋದ ಮಿಷಿಗನ್ ಸರೋವರದ ದಂಡೆಯಲ್ಲಿ ಓಡುವಾಗ ಬಾಟಲಿಯ ಬಾಯಿ ಹೆಪ್ಪುಗಟ್ಟುತ್ತದೆ, ಮರಳುವಾಗ ಮೈ ನಡುಗುತ್ತದೆ, ಏನು ಮಾಡಲಿ ಅಂತ. ಬಾಸ್ಟನ್ ಮ್ಯಾರಥಾನ್ ಇರುವುದು ಏಪ್ರಿಲ್‌ನ ಮೂರನೇ ಸೋಮವಾರ. ಹಾಗಾಗಿ ಅದರ ತಯಾರಿಗೆ ಮಾಡುವ ಉದ್ದದ ಓಟಗಳೆಲ್ಲ ಕೊರೆಯುವ ಚಳಿಗೇ ಬೀಳುತ್ತವೆ. ಉತ್ತರಿಸಿದ ಎಲ್ಲರಿಗೂ ಮನಸಾರೆ ಧನ್ಯವಾದ.

ನಡುಕಕ್ಕೆ ಕಾರಣ ಚಳಿಗಿಂತ ಹೆಚ್ಚಾಗಿ ಬೆವರು. ಗಾಳಿ ಬೆನ್ನಿಗಿದ್ದಾಗ ಬೆವರಿ, ಒದ್ದೆ ಮೈಯಲ್ಲಿ ಎದುರುಗಾಳಿಗೆ ತಿರುಗಿದರೆ ಹತ್ತೇ ನಿಮಿಷದಲ್ಲಿ ಮೈ ತಣ್ಣಗಾಗುತ್ತದೆ. ಈಗ ಮೊದಲರ್ಧ ಗಾಳಿಗೆ ಎದುರು, ಮರಳುವಾಗ ಗಾಳಿ ಬೆನ್ನಿಗೆ. ಒಳಗೆ ತೆಳು ಉಣ್ಣೆಯ ಬನಿಯನ್, ಮೇಲೆ ಗಾಳಿ ತಡೆಯುವ ಜಾಕೆಟ್. ಹತ್ತಿಬಟ್ಟೆ ಬೇಡವೇ ಬೇಡ. ಹೊರಟ ಮೊದಲ ಹತ್ತು ನಿಮಿಷ ಸ್ವಲ್ಪ ಚಳಿ ಅನ್ನಿಸಬೇಕು. ಆಗಲೇ ಬೆಚ್ಚಗಿದ್ದರೆ ಒಂದು ಪದರ ಹೆಚ್ಚಾಗಿದೆ ಎಂದರ್ಥ.

ಬಾಟಲಿಗೆ ಬಿಸಿನೀರು ತುಂಬಿ, ಬಾಯಿ ಕೆಳಗೆ ಮಾಡಿ ಜಾಕೆಟ್‌ನೊಳಗೆ ಇಟ್ಟರಾಯಿತು. ಮಂಜು ಮೇಲಿನಿಂದ ಕಟ್ಟುವುದರಿಂದ ಬಾಯಿ ತೆರೆದೇ ಇರುತ್ತದೆ. ಕೊಳವೆಯಿರುವ ನೀರಿನ ಚೀಲವಾದರೆ ಪ್ರತಿ ಗುಟುಕಿನ ನಂತರ ಗಾಳಿ ಊದಿ ಕೊಳವೆ ಖಾಲಿ ಮಾಡಬೇಕು. ಓಡುವಾಗ ಶಕ್ತಿಗೆ ತಿನ್ನುವ ಸಿಹಿ ಜೆಲ್ ಚಳಿಗೆ ಅಂಟಾಗಿ ಗಟ್ಟಿಯಾಗುತ್ತದೆ. ತಿನ್ನುವ ಐದು ನಿಮಿಷ ಮೊದಲು ಕೈಗವಸಿನೊಳಗೆ, ಅಂಗೈಗೆ ತಾಗುವಂತೆ ಹಿಡಿಯಿರಿ. ಬೆರಳುಗಳನ್ನು ಬೇರೆಬೇರೆ ಮಾಡದ ಕೈಗವಸೇ ಒಳ್ಳೆಯದು.

ಜಾರದಂತೆ ಹಳೆಯ ಶೂ ಅಡಿಗೆ ಸ್ಕ್ರೂ ಹಾಕುವ ಸಲಹೆ ಗಟ್ಟಿ ಮಂಜುಗಡ್ಡೆಯ ಮೇಲೆ ಚೆನ್ನಾಗಿ ಕೆಲಸ ಮಾಡಿತು: ಮುಕ್ಕಾಲು ಇಂಚಿನ ಅರ್ಧದಷ್ಟು, ಅಂದರೆ 3/8 ಇಂಚು ಉದ್ದದವು, ಅಂಚಿನ ಸುತ್ತ ಹತ್ತು. ಉದ್ದ ಹೆಚ್ಚಾದರೆ ಕಾಲಿಗೆ ಚುಚ್ಚುತ್ತದೆ. ಮಂಜು ತೆಗೆದ ಕಾಂಕ್ರೀಟ್ ಮೇಲೆ ಮಾತ್ರ ಅವೇ ಜಾರುತ್ತವೆ, ಅಲ್ಲಿ ಮಾಮೂಲಿ ಶೂ ಸಾಕು.