ಗಂಟಲು ಕ್ಯಾನ್ಸರ್: ಚಿಕಿತ್ಸೆ ಆರಂಭವಾಗುವವರೆಗೆ ನೋವನ್ನು ನಿಭಾಯಿಸುವುದು ಹೇಗೆ?

ಪ್ರಶ್ನೆ (ರೋಗಿಯ ಮಗ, ಹಾವೇರಿ ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರಿಗೆ ಗಂಟಲಿನ ಕ್ಯಾನ್ಸರ್ ಇರುವುದು ಬಯಾಪ್ಸಿಯಲ್ಲಿ ಖಚಿತವಾಗಿದೆ. ರೇಡಿಯೇಶನ್ ಜೊತೆಗೆ ಕಿಮೋಥೆರಪಿಯನ್ನೂ ಕೊಡುವುದಾಗಿ ವೈದ್ಯರು ಹೇಳಿದ್ದಾರೆ. ಅದಕ್ಕೆ ಇನ್ನೂ ಕೆಲವು ವಾರ ಕಾಯಬೇಕಿದೆ. ಎಂಜಲು ನುಂಗುವಾಗಲೂ ಅವರ ಮುಖ ಕಿವುಚುತ್ತದೆ, ಬಲಗಿವಿಯೊಳಗೆ ಚುಚ್ಚಿದಂತಾಗುತ್ತದೆ ಎನ್ನುತ್ತಾರೆ, ರಾತ್ರಿ ನಿದ್ದೆಯಿಲ್ಲ. ಪ್ಯಾರಾಸಿಟಮಾಲ್ ಮತ್ತು ಟ್ರಮಡಾಲ್ ಬರೆದುಕೊಟ್ಟಿದ್ದಾರಾದರೂ, ಈಗಲೇ ಹೆಚ್ಚು ನುಂಗಿದರೆ ಮುಂದೆ ಯಾವ ಔಷಧಿಯೂ ನಾಟುವುದಿಲ್ಲವೆಂದು ತಂದೆಯವರು ತೀರಾ ತಡೆಯಲಾರದಾದಾಗ ಮಾತ್ರ ತೆಗೆದುಕೊಳ್ಳುತ್ತಾರೆ. ಅಮ್ಮನಿಗೆ ಅದು ಚಟವಾದೀತೆಂಬ ಭಯ. ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ (ಉಪಶಾಮಕ ಆರೈಕೆ, ಅಂದರೆ ನೋವು-ಸಂಕಟ ತಗ್ಗಿಸುವ ವಿಭಾಗದ ಶುಶ್ರೂಷಕಿ)

ರೇಡಿಯೇಶನ್‌ಗೆ ಕಾಯುವುದು ಅನಿವಾರ್ಯವಿರಬಹುದು, ನೋವು ಕಡಿಮೆ ಮಾಡಿಸಿಕೊಳ್ಳಲು ಮಾತ್ರ ಒಂದು ದಿನವೂ ಕಾಯಬೇಕಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಹೇಳಿದಂತೆ, ಕ್ಯಾನ್ಸರ್ ನೋವಿನ ಔಷಧಿಯನ್ನು ಗಡಿಯಾರ ನೋಡಿ, ನೋವು ಮರುಕಳಿಸುವ ಮೊದಲೇ ಕೊಡಬೇಕು. ನೋವು ವಿಪರೀತವಾದ ಮೇಲೆ ನುಂಗಿದ ಮಾತ್ರೆ ತಡವಾಗಿ ಮತ್ತು ಅರೆಬರೆಯಾಗಿ ಕೆಲಸ ಮಾಡುತ್ತದೆ. ಆದ್ದರಿಂದ ಈಗಿರುವ ಮಾತ್ರೆಗಳನ್ನು ಎಷ್ಟೆಷ್ಟು ಹೊತ್ತಿಗೆ ಕೊಡಬೇಕೆಂದು ವೈದ್ಯರಿಂದ ಬರೆಸಿಕೊಳ್ಳಿ. ಪ್ಯಾರಾಸಿಟಮಾಲ್ ದಿನಕ್ಕೆ ಒಟ್ಟು 4 ಗ್ರಾಂ ಮೀರಬಾರದು. ದೇಹ ಸೊರಗಿದ್ದರೆ ಅಥವಾ ಯಕೃತ್ತಿನ ತೊಂದರೆಯಿದ್ದರೆ ಮಿತಿ ಇನ್ನೂ ಕಡಿಮೆ. ಟ್ರಮಡಾಲ್ ಮಾತ್ರೆಯೊಳಗೇ ಪ್ಯಾರಾಸಿಟಮಾಲ್ ಸೇರಿರುವುದುಂಟು, ಪಟ್ಟಿಯ ಹಿಂಬದಿ ಓದಿ ನೋಡಿ. ಡೈಕ್ಲೋಫಿನಾಕ್, ಐಬುಪ್ರೊಫೇನ್‌ಗಳನ್ನು ಅಂಗಡಿಯಿಂದ ನೀವೇ ತಂದು ಕೊಡಬೇಡಿ. ಅವು ಮೂತ್ರಪಿಂಡಗಳಿಗೆ ಹಾನಿ ಮಾಡಬಹುದು; ಮುಂದೆ ಸಿಸ್‌ಪ್ಲಾಟಿನ್ ಎಂಬ ಕಿಮೋಥೆರಪಿ ಔಷಧಿ ಕೊಡುವುದಾದರೆ ಮೂತ್ರಪಿಂಡಗಳು ಸುಸ್ಥಿತಿಯಲ್ಲಿರಬೇಕು.

ಇಷ್ಟಕ್ಕೂ ನೋವು ಬಗ್ಗದಿದ್ದರೆ ವೈದ್ಯರು ಮಾರ್ಫಿನ್ ಎಂಬ ಪ್ರಬಲ ನೋವು ನಿವಾರಕ ಕೊಡಬಹುದು. ಸಾಮಾನ್ಯ ಮಾರ್ಫಿನ್ ಮಾತ್ರೆಯ ಪರಿಣಾಮ ಸುಮಾರು 4 ಗಂಟೆ ಇರುತ್ತದೆ. ಮಾದಕ ವಸ್ತುಗಳ ಕಾಯ್ದೆಗೆ 2014ರಲ್ಲಿ ತಿದ್ದುಪಡಿಯಾದದ್ದೇ ಇಂಥ ಔಷಧಿ ನೋವಿರುವವರಿಗೆ ಸುಲಭವಾಗಿ ಸಿಗಲೆಂದು. ನೋವಿಗೆಂದು, ವೈದ್ಯರ ನಿಗಾದಲ್ಲಿ ಕೊಡುವಾಗ ಚಟವಾಗುವುದು ಅಪರೂಪ. ಚಿಕಿತ್ಸೆಯಿಂದ ಗಡ್ಡೆ ಕುಗ್ಗಿ ನೋವು ಇಳಿದ ಮೇಲೆ ಪ್ರಮಾಣವನ್ನು ಹಂತಹಂತವಾಗಿ ತಗ್ಗಿಸುತ್ತಾರೆ. ಈಗ ತೆಗೆದುಕೊಂಡರೆ ಮುಂದೆ ನಾಟುವುದಿಲ್ಲವೆಂಬ ಭಯವೂ ಬೇಡ, ಅಗತ್ಯವಿದ್ದಂತೆ ಪ್ರಮಾಣ ಏರಿಸಲು ಅವಕಾಶವಿದೆ. ಆದರೆ ಮಲಬದ್ಧತೆ ಬಂದೇ ಬರುತ್ತದೆಂದು ತಿಳಿದು, ಮೊದಲ ದಿನದಿಂದಲೇ ಅದಕ್ಕೂ ಔಷಧಿ ಕೇಳಿ ಪಡೆಯಿರಿ. ನಿಧಾನವಾಗಿ ಬಿಡುಗಡೆಯಾಗುವ ಬಗೆಯ ಮಾತ್ರೆಯನ್ನು ನುಂಗಲಾಗದೆಂದು ಎಂದಿಗೂ ಪುಡಿ ಮಾಡಬಾರದು, ಇಡೀ ದಿನದ ಔಷಧಿ ಒಮ್ಮೆಲೇ ದೇಹಕ್ಕೆ ಸೇರುವ ಅಪಾಯವಿದೆ. ದ್ರವರೂಪದ ಔಷಧಿ ಕೇಳಿ.

ಉಪಶಾಮಕ ಆರೈಕೆ ಎಂದರೆ ಕೊನೆಗಾಲದ ಆರೈಕೆ ಎಂದು ನಮ್ಮಲ್ಲಿ ಬಹಳ ಜನ ಹಿಂಜರಿಯುತ್ತಾರೆ, ಇದು ನನಗೆ ಅತ್ಯಂತ ಬೇಸರದ ಸಂಗತಿ. ಗುಣವಾಗಲಿರುವವರ ನೋವಿಗೂ ಅಲ್ಲಿ ಚಿಕಿತ್ಸೆಯಿದೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಇಂಥ ವಿಭಾಗವಿದೆ; ನಿಮ್ಮ ಆಸ್ಪತ್ರೆಯಲ್ಲೂ ಇದೆಯೇ ಎಂದು ನಾಳೆಯೇ ವಿಚಾರಿಸಿ.

ಉತ್ತರ (ಇದೇ ಚಿಕಿತ್ಸೆ ಪಡೆದವರು, ಶಿವಮೊಗ್ಗ)

ಮಾತ್ರೆ ಕೆಲಸ ಆರಂಭಿಸಿದ ಮೇಲೆ, ಅಂದರೆ ಸುಮಾರು ಮುಕ್ಕಾಲು ಗಂಟೆ ಬಿಟ್ಟು, ಊಟಕ್ಕೆ ಕೂರಿಸಿ. ನಾನು ಉಗುರುಬೆಚ್ಚಗಿನ ರಾಗಿ ಗಂಜಿಗೆ ಹಾಲು, ತುಪ್ಪ ಬೆರೆಸಿ ಕುಡಿಯುತ್ತಿದ್ದೆ. ಖಾರ, ಹುಳಿ, ಬಿಸಿ ಮೂರನ್ನೂ ಬಿಟ್ಟೆ. ಒಂದು ಲೋಟ ನೀರಿಗೆ ಕಾಲು ಚಮಚ ಉಪ್ಪು, ಕಾಲು ಚಮಚ ಅಡುಗೆ ಸೋಡಾ ಹಾಕಿ ಆಗಾಗ ಬಾಯಿ ಮುಕ್ಕಳಿಸುವುದು ಹಿತವೆನಿಸುತ್ತಿತ್ತು. ಮೂಗಿನ ನಳಿಕೆಯ ಮೂಲಕ ಆಹಾರ ಕೊಡೋಣ ಎಂದು ವೈದ್ಯರು ಹೇಳಿದರೆ ತಂದೆಯವರು ಗಾಬರಿಯಾಗಬಾರದು, ಅದು ತೂಕ ಇಳಿಯದಿರಲೆಂದು. ರೇಡಿಯೇಶನ್‌ಗೆ ಮುಖದ ಅಳತೆಗೆ ಮುಖವಾಡ ಮಾಡುತ್ತಾರೆ. ತೂಕ ತೀರಾ ಇಳಿದರೆ ಅದು ಸಡಿಲವಾಗಿ ಮತ್ತೆ ಮಾಡಬೇಕಾಗಬಹುದು. ಈ ಕಾಯುವ ಅವಧಿಯಲ್ಲೇ ಹಲ್ಲಿನ ತಪಾಸಣೆಯನ್ನೂ ಮುಗಿಸಿಬಿಡಿ. ಬೀಡಿ, ತಂಬಾಕು ಇದ್ದರೆ ಇಂದೇ ನಿಲ್ಲಲಿ.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರವಾಯಿತು. ಅಮ್ಮನಿಗೂ ಓದಿ ಹೇಳಿದೆ. ಇನ್ನೊಂದು ಮಾತು: ರಾತ್ರಿ ನಿದ್ದೆಗೆಂದು ಅಂಗಡಿಯಿಂದ ನಿದ್ದೆ ಮಾತ್ರೆ ತಂದು ಕೊಡಬಹುದೇ?

ಉತ್ತರ (ಶುಶ್ರೂಷಕಿ)

ಖಂಡಿತ ಬೇಡ. ಟ್ರಮಡಾಲ್ ಅಥವಾ ಮಾರ್ಫಿನ್ ಜೊತೆಗೆ ನಿದ್ದೆ ಮಾತ್ರೆಯಾಗಲಿ ಮದ್ಯವಾಗಲಿ ಸೇರಿದರೆ ಉಸಿರಾಟವೇ ಕುಗ್ಗಬಹುದು. ಇನ್ನು ಕಿವಿನೋವಿನ ಮಾತು: ಗಂಟಲಿಗೂ ಕಿವಿಗೂ ಹೋಗುವ ನರಗಳು ಒಂದೇ ಆದದ್ದರಿಂದ ಗಂಟಲಿನ ನೋವು ಕಿವಿಯಲ್ಲಿ ಕಾಣಿಸಿಕೊಳ್ಳುತ್ತದೆ. ಕಿವಿಗೆ ಎಣ್ಣೆ ಬಿಟ್ಟರೆ ಪ್ರಯೋಜನವಿಲ್ಲ. ಚುಚ್ಚುವ ನೋವೆಂದು ವೈದ್ಯರಿಗೆ ಸ್ಪಷ್ಟವಾಗಿ ತಿಳಿಸಿ, ನರದ ನೋವಿಗೆ ಬೇರೆಯೇ ಔಷಧಿಗಳಿವೆ. ಉಸಿರೆಳೆಯುವಾಗ ಶಬ್ದ ಬಂದರೆ, ಎಂಜಲೂ ಇಳಿಯದಿದ್ದರೆ, ಬಾಯಿಂದ ರಕ್ತ ಬಂದರೆ ಅಥವಾ ಎಬ್ಬಿಸಿದರೂ ಏಳದಷ್ಟು ಮಂಪರು ಕವಿದರೆ, ಗೊತ್ತುಮಾಡಿದ ದಿನಕ್ಕೆ ಕಾಯದೆ ತಕ್ಷಣ ಹತ್ತಿರದ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ.