ಜಪಾನಿನ 'ಪೆಸಿಫಿಕ್' ಎಲ್‌ಪಿ ಎಳೆದೆಳೆದು ಕೇಳಿಸುತ್ತಿದೆ, ಯಾರಾದರೂ ದಾರಿ ಹೇಳಿ

ಮುಳ್ಳುಸೂಜಿ: 1978ರ 'ಪೆಸಿಫಿಕ್' ಸಿಕ್ಕಿದೆ. ಹರುವೊಮಿ ಹೊಸೊನೊ, ಶಿಗೆರು ಸುಜುಕಿ, ತತ್ಸುರೊ ಯಮಾಶಿತಾ ಸೇರಿ ಮಾಡಿದ್ದು. ದ್ವೀಪ, ಸಮುದ್ರ, ಪ್ರವಾಸದ ಗುಂಗು. ಆದರೆ ಹಾಕಿದರೆ ಗಿಟಾರ್ ನಿದ್ದೆಗಣ್ಣಲ್ಲಿ ನುಡಿಸಿದ ಹಾಗಿದೆ. ಮನೆಯಲ್ಲಿ 'ಲೋ-ಫೈ ಅಲ್ವಾ, ಬೇಕಂತಲೇ ಮಂಕಾಗಿ ಮಾಡಿದ ಸಂಗೀತ, ಹಾಗೇ ಇರುತ್ತದೆ' ಅನ್ನುತ್ತಾರೆ. ಫೋನಲ್ಲಿ ಸರಿಯಾಗೇ ಇದೆ! ಪ್ಲೇಯರಿನ ವೇಗದ ಸ್ವಿಚ್ 33ರಲ್ಲೇ (ನಿಮಿಷಕ್ಕೆ 33 ಸುತ್ತು) ಇದೆ. ತಲೆ ಕೆಟ್ಟು ಹೋಗಿದೆ.

ರೇಡಿಯೊರಾಯ: ಬೆಲ್ಟ್, ಮೋಟರಿನಿಂದ ತಟ್ಟೆ ತಿರುಗಿಸುವ ಪಟ್ಟಿ. ಕಣ್ಣು ಮುಚ್ಚಿ ಹೇಳುತ್ತೇನೆ.

ಮುಳ್ಳುಸೂಜಿ: ಬೆಲ್ಟ್ ಹೊಸದು ಸಾರ್.

ರೇಡಿಯೊರಾಯ: ಹಾಗಾದರೆ ಸೈಜು ತಪ್ಪು. ಪುಲ್ಲಿ (ಬೆಲ್ಟ್ ಸುತ್ತುವ ಮೋಟರಿನ ಪುಟ್ಟ ಗಾಲಿ) ಸ್ಪಿರಿಟ್‌ನಲ್ಲಿ ಒರೆಸಿ, ಬೆಲ್ಟಿಗೆ ಸ್ವಲ್ಪ ಪೌಡರ್ ಹಚ್ಚಿ.

ಕ್ಯಾಸೆಟ್‌ಕಿಟ್ಟಿ: ಪೌಡರಾ? ಮದುವೆ ಹೆಣ್ಣೇನ್ರೀ ಅದು? ಅಂದ ಹಾಗೆ, ಇದನ್ನು ಸಿಟಿ ಪಾಪ್ (ಆ ಕಾಲದ ಜಪಾನಿನ ನಗರದ ಪಾಪ್ ಹಾಡುಗಳು) ಅಂದುಕೊಳ್ಳುವವರಿದ್ದಾರೆ, ಅಲ್ಲ. ವಾದ್ಯಸಂಗೀತದ ಆಲ್ಬಂ.

ರೇಡಿಯೊರಾಯ: ಸಿಟಿ ಪಾಪ್‌ನ ದೊಡ್ಡ ಹೆಸರು ಯಮಾಶಿತಾ ಇದ್ದ ಮೇಲೆ ಇನ್ನೇನು?

ಕ್ಯಾಸೆಟ್‌ಕಿಟ್ಟಿ: ಇದರಲ್ಲಿರುವ 'ಕಾಸ್ಮಿಕ್ ಸರ್ಫಿನ್' ಅನ್ನೇ ಹೊಸೊನೊ ಅವರ ಎಲೆಕ್ಟ್ರಾನಿಕ್ ತಂಡ ಯೆಲ್ಲೋ ಮ್ಯಾಜಿಕ್ ಆರ್ಕೆಸ್ಟ್ರಾ ಮತ್ತೆ ಮಾಡಿತು. ಅದೂ ಸಿಟಿ ಪಾಪಾ?

ಹಳೇಮೋಟರ್: ಜಗಳ ಆಮೇಲೆ. ಪ್ಲೇಯರ್ ಎಲ್ಲಿಯದು? ಲೇಬಲ್ ಅಂಚಿಗೆ ಕಾಗದದ ಚೂರು ಅಂಟಿಸಿ. ನಿಮಿಷಕ್ಕೆ ಎಷ್ಟು ಸುತ್ತು, ಎಣಿಸಿ ಹೇಳಿ.

ಮುಳ್ಳುಸೂಜಿ: ಹೆಚ್ಚುಕಮ್ಮಿ 28. ಪ್ಲೇಯರ್ ಭಾವ ಒಸಾಕಾದಿಂದ ತಂದಿದ್ದು. 100 ವೋಲ್ಟ್ ಟ್ರಾನ್ಸ್‌ಫಾರ್ಮರ್ ಹಾಕಿದ್ದೇನೆ, ಅದರದ್ದೇನೂ ತೊಂದರೆ ಇಲ್ಲ.

ಹಳೇಮೋಟರ್: ಇದನ್ನು ಮೊದಲೇ ಹೇಳಬಾರದಾ ಮಾರಾಯ್ರೆ! ಟೋಕಿಯೊ ಕಡೆ ಕರೆಂಟು 50 ಹರ್ಟ್ಸ್ (ಸೆಕೆಂಡಿಗೆ 50 ಆವರ್ತನ), ಒಸಾಕಾ ಕಡೆ 60. ನಮ್ಮದು 50. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ಹರ್ಟ್ಸ್ ಮುಟ್ಟುವುದಿಲ್ಲ. ಹಳೇ ಎಸಿ ಸಿಂಕ್ರನಸ್ ಮೋಟರ್ ಹರ್ಟ್ಸ್ ಹೇಳಿದಷ್ಟೇ ತಿರುಗುತ್ತದೆ. 33.3ರ ಬದಲು 27.8. ಹಾರ್ಮೋನಿಯಂನಲ್ಲಿ ಮೂರು ಮನೆ ಕೆಳಗೆ ಇಳಿದಂತೆ. ತಟ್ಟೆ ಎತ್ತಿ ಪುಲ್ಲಿ ಯಾವ ಹರ್ಟ್ಸಿನದು ನೋಡಿ.

ರೇಡಿಯೊರಾಯ: ಇರಬಹುದು. ಆದರೂ ಬೆಲ್ಟ್ ಒಮ್ಮೆ ನೋಡಿ.

ವಿನೈಲ್‌ವಾಸು: ಇದಕ್ಕೇ ನಾನು ಡೈರೆಕ್ಟ್ ಡ್ರೈವ್ (ಬೆಲ್ಟಿಲ್ಲದೆ ಮೋಟರೇ ತಟ್ಟೆ ತಿರುಗಿಸುವುದು) ಬಿಟ್ಟು ಬೇರೆ ಮುಟ್ಟಲ್ಲ. ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2, ಕ್ವಾರ್ಟ್ಸ್ ಲಾಕ್, ಅಂದರೆ ಹರಳು ವೇಗ ಹಿಡಿದಿಡುತ್ತದೆ. ಕೆಳಗೆ ಕಡಪ ಕಲ್ಲು. ಫೋಟೊ ಹಾಕಲಾ?

ಕ್ಯಾಸೆಟ್‌ಕಿಟ್ಟಿ: ಹೋದ ವಾರ ಹಾಕಿದ್ದೀರಲ್ಲ.

ಮುಳ್ಳುಸೂಜಿ: ಪುಲ್ಲಿ ಮೇಲೆ '60' ಅಂತ ಕೆತ್ತಿದೆ! 50ರದ್ದು ಡಬ್ಬಿಯಲ್ಲಿ ಇಲ್ಲ. ಲೇತ್‌ನಲ್ಲಿ ಮಾಡಿಸಬಹುದಾ?

ಹಳೇಮೋಟರ್: ಹಿತ್ತಾಳೆಯಲ್ಲಿ ಮಾಡಿಸಿ. ವ್ಯಾಸ ಈಗಿನದರ 1.2 ಪಟ್ಟು. ವರ್ನಿಯರ್‌ನಲ್ಲೇ ಅಳೆಯಿರಿ, ಬೆಲ್ಟಿನ ದಪ್ಪವನ್ನೂ ಲೆಕ್ಕಕ್ಕೆ ಹಿಡಿಯಿರಿ. ನಡುವಿನ ತೂತು ಕೂದಲೆಳೆಯಷ್ಟು ಆಚೀಚೆ ಆದರೂ ಸ್ವರ ಅಲುಗುತ್ತದೆ. ಸುಮ್ನೆ ಸಿಕ್ಕ ಸಿಕ್ಕ ಕಡೆ ಕೊಡಬೇಡಿ.

ರೇಡಿಯೊರಾಯ: ಪುಲ್ಲಿ ದೊಡ್ಡದಾದರೆ ಬೆಲ್ಟೂ ಬಿಗಿಯಾಗುತ್ತದೆ. ಹೇಳಿದ್ದೆನಲ್ಲ, ಬೆಲ್ಟ್ ನೋಡಿ ಅಂತ.

ಕ್ಯಾಸೆಟ್‌ಕಿಟ್ಟಿ: ಆ ಎಲ್‌ಪಿಗೆ ಓಬಿ ಪಟ್ಟಿ (ಜಪಾನಿ ಎಲ್‌ಪಿ ಕವರಿಗೆ ಸುತ್ತುವ ಕಾಗದದ ಪಟ್ಟಿ) ಇದೆಯಾ? ಇದ್ದರೆ ಕೊಡುವ ಯೋಚನೆ ಉಂಟಾ?