ಎಕ್ಸೆಲ್ ಫೈಲ್ 46 ಎಂಬಿ ಆಗಿದೆ, ಗಾತ್ರ ಇಳಿಸಿದವರು ಅನುಭವ ಹೇಳಿ

ಹಾಲಿನಲೆಕ್ಕ, ಮಂಡ್ಯ
ನಮ್ಮೂರ ಹಾಲಿನ ಸೊಸೈಟಿಯ ಲೆಕ್ಕದ ಫೈಲ್ ನಾನು ನೋಡಿಕೊಳ್ಳುತ್ತೇನೆ. ಬೆಳಿಗ್ಗೆ, ಸಂಜೆ ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ) ತುಂಬುತ್ತೇವೆ. ಫ್ಯಾಟ್ 3.5ಕ್ಕಿಂತ ಕಡಿಮೆ ಬಂದರೆ ಸೆಲ್ ಕೆಂಪಾಗುತ್ತದೆ. ತಿಂಗಳಿಗೊಂದು ಶೀಟ್, ಹಿಂದಿನ ತಿಂಗಳದ್ದನ್ನೇ ಕಾಪಿ ಮಾಡಿ ಹೊಸದು. ಜಿಮೇಲ್ 25 ಎಂಬಿ ದಾಟಿದರೆ ಅಟ್ಯಾಚ್ ಮಾಡಲು ಬಿಡಲ್ಲ. ಜಿಪ್ ಮಾಡಿದರೂ ಇಳಿಯಲಿಲ್ಲ. ಫೋಟೋ ಇಲ್ಲ, ಪಿವೋಟ್ (ಡೇಟಾ ಒಟ್ಟುಗೂಡಿಸಿ ತೋರಿಸುವ ಟೇಬಲ್) ಇಲ್ಲ. ಆಡಿಟ್ ಹತ್ತಿರ ಇದೆ, ಡೇಟಾ ಅಳಿಸುವ ಹಾಗಿಲ್ಲ. ಏನು ಮಾಡಲಿ?

ಹೂಟಗಳ್ಳಿ ಸ್ಟೋರ್ಸ್
ಸೇವ್ ಆ್ಯಸ್‌ಗೆ ಹೋಗಿ ಬೈನರಿ ವರ್ಕ್‌ಬುಕ್ ಆರಿಸಿ. ಎಕ್ಸ್‌ಎಲ್‌ಎಸ್‌ಬಿ. ಮುಗಿಯಿತು. ನಮ್ಮ ಸ್ಟೋರಿನ ಸ್ಟಾಕ್ ಫೈಲ್ 61 ಎಂಬಿ ಇತ್ತು, 22ಕ್ಕೆ ಬಂತು. ಮ್ಯಾಕ್ರೋ, ಅಂದರೆ ಫೈಲಿನೊಳಗಿನ ಪುಟ್ಟ ಪ್ರೋಗ್ರಾಂ ಕೂಡ ಹಾಗೇ ಓಡುತ್ತದೆ. ಮೊದಲೆಲ್ಲ ಫೈಲ್ ಕ್ಲಿಕ್ ಮಾಡಿ ಕ್ಯಾಂಟೀನಿಗೆ ಹೋಗಿ ಟೀ ಕುಡಿದು ಬಂದರೂ ತೆರೆದಿರುತ್ತಿರಲಿಲ್ಲ. ಈಗ ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ರೆಡಿ. ಹೆಡ್ ಆಫೀಸಿನ ಸಾಫ್ಟ್‌ವೇರ್ ಮಾತ್ರ ಮಾಮೂಲಿ ಎಕ್ಸೆಲ್ ಫೈಲ್, ಎಕ್ಸ್‌ಎಲ್‌ಎಸ್‌ಎಕ್ಸ್ ಬಿಟ್ಟು ಬೇರೆ ತಗೊಳ್ಳಲ್ಲ. ಅಲ್ಲಿಗೆ ಬೇರೆ ಕಾಪಿ ಕಳಿಸುತ್ತೇವೆ. ಅದು ಅವರ ಕರ್ಮ.

ಒಂಟಿಕೊಪ್ಪಲ್ ಅಕೌಂಟ್ಸ್
ಬೈನರಿ ಅಂದರೆ ಮನೆ ಗುಡಿಸದೆ ಕಸವನ್ನೆಲ್ಲ ಮಂಚದ ಕೆಳಗೆ ತಳ್ಳಿದ ಹಾಗೆ. ನಾನು ಹೇಳುತ್ತೇನೆ ಕೇಳಿ, ದುಡ್ಡು ಕಳೆದುಕೊಂಡವನು.

ಫೈಲ್ ನಿಧಾನ ಅಂತ ಕಂಪ್ಯೂಟರ್ ಅಂಗಡಿಗೆ ಒಯ್ದರೆ ಅವನು ಫೈಲ್ ತೆರೆದೂ ನೋಡಲಿಲ್ಲ. 'ರ‍್ಯಾಮ್ ಸಾಲದು ಸಾರ್' ಅಂದ. ರ‍್ಯಾಮ್ 2,350 ರೂಪಾಯಿ, ಎಸ್‌ಎಸ್‌ಡಿ 3,100, ಕೂರಿಸಿದ್ದಕ್ಕೆ 500. ಒಟ್ಟು 5,950. ಬಿಲ್ ಕೇಳಿದರೆ ಜಿಎಸ್‌ಟಿ ಬೇರೆ ಆಗುತ್ತೆ ಅಂದ! ಲೆಕ್ಕ ಬರೆಯುವವನಿಗೇ! ಮೇಲಿಂದ ವಿಂಡೋಸ್ ಹೊಸದಾಗಿ ಹಾಕಿ ನನ್ನ ನುಡಿ ಫಾಂಟ್ ಹಾರಿಸಿಬಿಟ್ಟ. ಹಳೇ ಪಾರ್ಟಿಗಳ ಹೆಸರೆಲ್ಲ ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರ. ಫೈಲ್ ಆಗಲೂ 42 ಎಂಬಿ, ಈಗಲೂ 42 ಎಂಬಿ.

ಕಡೆಗೆ ಹುಡುಗನೊಬ್ಬ ಬಂದು ಕಂಟ್ರೋಲ್ ಎಂಡ್ ಒತ್ತಿ ತೋರಿಸಿದ. ಲೆಕ್ಕ ಇರುವುದು 900 ಸಾಲು, ಕರ್ಸರ್ ಹೋಗಿ ನಿಂತದ್ದು 10,48,576ನೇ ಸಾಲಿನಲ್ಲಿ. ಶೀಟಿನ ತಳ ಅದು, ಅದರಾಚೆ ಸಾಲೇ ಇಲ್ಲ. ಯಾರೋ ಪುಣ್ಯಾತ್ಮ ಫಾರ್ಮುಲಾನೂ ಬಾರ್ಡರನ್ನೂ ಅಲ್ಲಿವರೆಗೆ ಎಳೆದಿದ್ದ. ಎಕ್ಸೆಲ್ ಆ ಖಾಲಿ ಡಬ್ಬಗಳನ್ನೆಲ್ಲ ಹೊತ್ತುಕೊಂಡು ತಿರುಗುತ್ತಿತ್ತು. ಕೊನೇ ಲೆಕ್ಕದ ಕೆಳಗಿನ ಸಾಲಿನಿಂದ ತಳದವರೆಗೆ ಸಾಲುಗಳನ್ನು ಸೆಲೆಕ್ಟ್ ಮಾಡಿ ರೈಟ್ ಕ್ಲಿಕ್, ಡಿಲೀಟ್. ಕೀಬೋರ್ಡಿನ ಡಿಲೀಟ್ ಒತ್ತಿದರೆ ಬರೆದದ್ದು ಮಾತ್ರ ಹೋಗುತ್ತೆ, ಬಾರ್ಡರ್ ಹಾಗೇ ಉಳಿಯುತ್ತೆ. ಆಮೇಲೆ ಸೇವ್. 3 ಎಂಬಿ! ಆ 5,950 ಯಾರು ಕೊಡುತ್ತಾರೆ?

ಹೂಟಗಳ್ಳಿ ಸ್ಟೋರ್ಸ್
ಅಂಗಡಿಯವನ ಮೇಲಿನ ಸಿಟ್ಟನ್ನು ಎಕ್ಸ್‌ಎಲ್‌ಎಸ್‌ಬಿ ಮೇಲೆ ಯಾಕೆ ತೀರಿಸುತ್ತೀರಿ ಸ್ವಾಮಿ? ನಮ್ಮ ಫೈಲಿನಲ್ಲಿ ಇರುವುದೆಲ್ಲ ನಿಜವಾದ ಡೇಟಾ. ಖಾಲಿ ಡಬ್ಬ ಅಲ್ಲ.

ಕಬ್ಬಿನಜಲ್ಲೆ, ಪಾಂಡವಪುರ
ಖಾಲಿ ಡಬ್ಬ ಬಿಡಿ, ಕಣ್ಣಿಗೇ ಕಾಣದ ಡೇಟಾ ಇರುತ್ತಲ್ಲ, ಅದರ ಕತೆ ಕೇಳಿ. ನಾನು ಕಬ್ಬಿನ ತೂಕದ ಕಡೆ ಇದ್ದವನು. ಟ್ರಾಕ್ಟರ್ ಬಾಡಿಗೆ, ಕಟಾವು ಕೂಲಿ, ಒಬ್ಬೊಬ್ಬ ಮೇಸ್ತ್ರಿಗೆ ಒಂದೊಂದು ರೇಟು. ಅದರ ಮೇಲೊಂದು ಪಿವೋಟ್. ಫೈಲ್ ದಪ್ಪ ಆಯಿತು ಅಂತ ನಮ್ಮ ಮ್ಯಾನೇಜರ್ ಡೇಟಾ ಶೀಟನ್ನೇ ಅಳಿಸಿ, ಪಿವೋಟ್ ಮಾತ್ರ ಉಳಿಸಿ ಒಬ್ಬ ಮೇಸ್ತ್ರಿಗೆ ಮೇಲ್ ಮಾಡಿದರು. ಅವನ ಮಗ ಡಿಗ್ರಿ ಓದುವವನು, ಗ್ರ್ಯಾಂಡ್ ಟೋಟಲ್ ಮೇಲೆ ಡಬಲ್ ಕ್ಲಿಕ್ ಮಾಡಿದ. ಎಲ್ಲರ ರೇಟೂ ಹೊಸ ಶೀಟಿನಲ್ಲಿ ಸಾಲಾಗಿ ಬಂದು ಕೂತಿತು! ಪಿವೋಟ್ ತನ್ನ ಹೊಟ್ಟೆಯೊಳಗೆ ಪೂರ್ತಿ ಡೇಟಾದ ಇನ್ನೊಂದು ಕಾಪಿ ಇಟ್ಟುಕೊಂಡಿರುತ್ತೆ ಅಂತ ಯಾರಿಗೆ ಗೊತ್ತು? ಮಾರನೇ ದಿನ ಕಟಾವು ನಿಂತಿತು. ಕಡಿದ ಕಬ್ಬು ಗದ್ದೆಯಲ್ಲೇ ಒಣಗಿತು, ತೂಕ ಬಿತ್ತು, ರೈತರಿಂದ ಬೈಸಿಕೊಂಡದ್ದು ನಾನು. ಮ್ಯಾನೇಜರ್ ರಜೆ ಹಾಕಿದರು.

ಪಿವೋಟ್ ಆಪ್ಷನ್ಸ್‌ನಲ್ಲಿ ಡೇಟಾ ಅಂತ ಇದೆ. ಅಲ್ಲಿ ಸೇವ್ ಸೋರ್ಸ್ ಡೇಟಾ ವಿತ್ ಫೈಲ್ ಟಿಕ್ ತೆಗೆಯಿರಿ, ತೆರೆಯುವಾಗ ರಿಫ್ರೆಶ್ ಅನ್ನುವುದಕ್ಕೆ ಟಿಕ್ ಹಾಕಿ. ಹೊರಗಿನವರಿಗೆ ಕಳಿಸುವಾಗ ಪಿವೋಟೇ ಬೇಡ, ಬರೀ ವ್ಯಾಲ್ಯೂ ಪೇಸ್ಟ್ ಮಾಡಿ ಕಳಿಸಿ.

ಟೀಚರ್, ಶ್ರೀರಂಗಪಟ್ಟಣ
ಪಿವೋಟ್ ಇಲ್ಲ ಅಂತ ಅವರು ಮೊದಲೇ ಹೇಳಿದ್ದಾರೆ ಸಾರ್, ಓದಿ ಬರೆಯಿರಿ.

ಎಕ್ಸ್‌ಎಲ್‌ಎಸ್‌ಎಕ್ಸ್ ಫೈಲೇ ಒಂದು ಜಿಪ್. ಅದಕ್ಕೇ ಮತ್ತೆ ಜಿಪ್ ಮಾಡಿದರೆ ಇಳಿಯಲ್ಲ. ಒಂದು ಕಾಪಿ ಮಾಡಿಕೊಂಡು, ಪಾಸ್‌ವರ್ಡ್ ಇದ್ದರೆ ತೆಗೆದು, ಹೆಸರಿನ ಕೊನೆಗೆ ಡಾಟ್ ಜಿಪ್ ಅಂತ ಬದಲಿಸಿ ತೆರೆಯಿರಿ. ಎಕ್ಸ್‌ಎಲ್ ಫೋಲ್ಡರಿನ ಒಳಗೆ ವರ್ಕ್‌ಶೀಟ್ಸ್, ಮೀಡಿಯಾ ಅಂತ ಇರುತ್ತವೆ. ಯಾವುದು ದಪ್ಪ ಅಂತ ಅಲ್ಲೇ ಕಾಣುತ್ತೆ. ನನ್ನ ಮಕ್ಕಳ ಪಟ್ಟಿಯಲ್ಲಿ ಮೀಡಿಯಾ ದಪ್ಪ ಇತ್ತು. ಮೊಬೈಲಿನಲ್ಲಿ ತೆಗೆದ ಫೋಟೋ ಒಂದೊಂದೂ 4 ಎಂಬಿ, ಅಂಚೆಚೀಟಿಯಷ್ಟು ಚಿಕ್ಕದು ಮಾಡಿದ್ದರೂ ಒಳಗೆ ಪೂರ್ತಿ ಇತ್ತು. ಕಂಪ್ರೆಸ್ ಪಿಕ್ಚರ್ಸ್ ಒತ್ತಿ, ಕ್ರಾಪ್ ಮಾಡಿದ ಭಾಗವನ್ನೂ ಅಳಿಸಲು ಟಿಕ್ ಹಾಕಿ 150 ಪಿಪಿಐ (ಇಂಚಿಗೆ ಇಷ್ಟು ಚುಕ್ಕಿ ಅಂತ) ಕೊಟ್ಟೆ. ಹೆಡ್ ಮಾಸ್ಟರು ಇದಕ್ಕೆ ಹೊಸ ಲ್ಯಾಪ್‌ಟಾಪ್ ಬೇಕು ಅಂತ ಅರ್ಜಿ ಬರೆದು ಇಟ್ಟಿದ್ದರು!

ಕಬ್ಬಿನಜಲ್ಲೆ, ಪಾಂಡವಪುರ
ಫೋಟೋನೂ ಇಲ್ಲ ಅಂತ ಅವರು ಹೇಳಿದ್ದಾರೆ ಮೇಡಂ. ನೀವೂ ಓದಿ ಬರೆಯಿರಿ. ಅಸಲಿ ಕಾರಣ ಯೂನಿಕೋಡ್, ಈಗ ಎಲ್ಲ ಕಡೆ ಕನ್ನಡ ಬರೆಯುವ ಕೋಡ್. ಕನ್ನಡದ ಒಂದೊಂದು ಅಕ್ಷರಕ್ಕೆ 3 ಬೈಟ್. ನುಡಿಯಲ್ಲಿ ಬರೆಯುತ್ತಿದ್ದಾಗ ನಮ್ಮ ಫೈಲ್ ಅಂಗೈಯಷ್ಟಿತ್ತು.

ಟೀಚರ್, ಶ್ರೀರಂಗಪಟ್ಟಣ
3 ಬೈಟ್ ನಿಜ, ಕಾರಣ ಸುಳ್ಳು. ಅದೇ ಜಿಪ್ ಒಳಗೆ ಶೇರ್ಡ್ ಸ್ಟ್ರಿಂಗ್ಸ್ ಅಂತ ಒಂದಿದೆ, ನೋಡಿ. ಒಬ್ಬ ರೈತನ ಹೆಸರು ಸಾವಿರ ಕಡೆ ಬಂದರೂ ಅಲ್ಲಿ ಬರೆದಿರುವುದು ಒಂದೇ ಸಲ. ಶೀಟಿನಲ್ಲಿ ಬರೀ ಅದರ ನಂಬರ್. ಹಳೇ ನುಡಿ ಫಾಂಟಿನ ಹೆಸರನ್ನು ಅಕಾರಾದಿಯಲ್ಲಿ ಸಾರ್ಟ್ ಮಾಡಿ ತೋರಿಸಿ, ಒಪ್ಪುತ್ತೇನೆ.

ಒಂಟಿಕೊಪ್ಪಲ್ ಅಕೌಂಟ್ಸ್
ನುಡಿ ವಿಷಯ ಎತ್ತಬೇಡಿ, ಹೊಟ್ಟೆ ಉರಿಯುತ್ತೆ. ಪಾರ್ಟಿ ಹೆಸರೆಲ್ಲ ಕೂತು ಮತ್ತೆ ಟೈಪ್ ಮಾಡಿಸಿದ್ದೇನೆ. ಅದರ ಕೂಲಿ ಆ 5,950ರಲ್ಲಿ ಸೇರಿಲ್ಲ.

ಟೀಚರ್, ಶ್ರೀರಂಗಪಟ್ಟಣ
ಟೈಪ್ ಯಾಕೆ ಮಾಡಿಸಿದಿರಿ? ನುಡಿಯಿಂದ ಯೂನಿಕೋಡ್‌ಗೆ ಬದಲಿಸುವ ಕನ್ವರ್ಟರ್ ಇದೆಯಲ್ಲ.

ಒಂಟಿಕೊಪ್ಪಲ್ ಅಕೌಂಟ್ಸ್
ಒತ್ತಕ್ಷರ ನೋಡಿದ್ದೀರಾ ಅದರಲ್ಲಿ? ಒಂದು ಬಿಲ್ ತಪ್ಪು ಹೆಸರಿಗೆ ಹೋದರೆ ನೀವು ಬರುತ್ತೀರಾ ಉತ್ತರ ಕೊಡೋಕೆ?

ಹಾಲಿನಲೆಕ್ಕ, ಮಂಡ್ಯ
ಕಂಟ್ರೋಲ್ ಎಂಡ್ ಒತ್ತಿ ನೋಡಿದೆ. ಏಪ್ರಿಲ್, ಮೇ ಸರಿ ಇದೆ. ಜೂನ್‌ನಿಂದ ಮುಂದೆ ಎಲ್ಲ ಶೀಟೂ 10,48,576. ಜೊತೆಗೆ ಕಂಡಿಷನಲ್ ಫಾರ್ಮ್ಯಾಟಿಂಗ್‌ನ ಮ್ಯಾನೇಜ್ ರೂಲ್ಸ್ ತೆರೆದರೆ ಸೆಲ್ ಕೆಂಪು ಮಾಡುವ ಅದೇ ಫ್ಯಾಟಿನ ರೂಲ್ ಪುಟಗಟ್ಟಲೆ ಇದೆ. ಇದನ್ನು ಅಳಿಸಿದರೆ ಲೆಕ್ಕಕ್ಕೆ ಏನೂ ಆಗಲ್ಲ ತಾನೇ?

ಒಂಟಿಕೊಪ್ಪಲ್ ಅಕೌಂಟ್ಸ್
ಆಗಲ್ಲ. ಬಣ್ಣ ಮಾತ್ರ ಹೋಗುತ್ತೆ. ಕಾಪಿ ಪೇಸ್ಟ್ ಮಾಡಿದಾಗೆಲ್ಲ ರೂಲೂ ಮರಿ ಹಾಕುತ್ತೆ. ಕ್ಲಿಯರ್ ರೂಲ್ಸ್, ಎಂಟೈರ್ ಶೀಟ್ ಕೊಟ್ಟು, ಫ್ಯಾಟ್ ಕಾಲಂಗೆ ಒಂದೇ ರೂಲ್ ಹೊಸದಾಗಿ ಹಾಕಿ. ಇನ್ನು ಮುಂದೆ ಪೇಸ್ಟ್ ಸ್ಪೆಷಲ್, ವ್ಯಾಲ್ಯೂಸ್. ಒರಿಜಿನಲ್ ಫೈಲ್ ಪೆನ್‌ಡ್ರೈವ್‌ನಲ್ಲಿ ಇರಲಿ. ಕಂಪ್ಯೂಟರ್ ಅಂಗಡಿಗೆ ಮಾತ್ರ ಹೋಗಬೇಡಿ.

ಹೂಟಗಳ್ಳಿ ಸ್ಟೋರ್ಸ್
ಇಷ್ಟೆಲ್ಲ ಒದ್ದಾಡುವ ಬದಲು ಎಕ್ಸ್‌ಎಲ್‌ಎಸ್‌ಬಿ ಮಾಡಿದ್ದರೆ ಇಷ್ಟೊತ್ತಿಗೆ ಮೇಲ್ ಹೋಗಿರುತ್ತಿತ್ತು.

ಟೀಚರ್, ಶ್ರೀರಂಗಪಟ್ಟಣ
ಆಡಿಟ್‌ನವರ ಹತ್ತಿರ ಲಿಬ್ರೆಆಫೀಸ್ ಇದ್ದರೆ? ಅದು ಎಕ್ಸ್‌ಎಲ್‌ಎಸ್‌ಬಿ ಓದುತ್ತೆ, ಅದೇ ರೂಪದಲ್ಲಿ ವಾಪಸ್ ಸೇವ್ ಮಾಡಲ್ಲ.

ಹೂಟಗಳ್ಳಿ ಸ್ಟೋರ್ಸ್
ಆಡಿಟ್‌ನವರು ಓದಿದರೆ ಸಾಕು ಮೇಡಂ, ತಿದ್ದೋಕೆ ಯಾಕೆ ಕೊಡುತ್ತೀರಿ?

ಹಾಲಿನಲೆಕ್ಕ, ಮಂಡ್ಯ
ಜೂನ್ ಶೀಟ್ ಒಂದು ಆಯಿತು. 46 ಇದ್ದದ್ದು 39 ಆಗಿದೆ. ಉಳಿದದ್ದು ಸಂಜೆ ಹಾಲು ಅಳೆದಾದ ಮೇಲೆ ಮಾಡುತ್ತೇನೆ.

ಕಬ್ಬಿನಜಲ್ಲೆ, ಪಾಂಡವಪುರ
ಹೆಸರುಗಳನ್ನು ನುಡಿಗೆ ಹಾಕಿ ನೋಡಿ, ಇನ್ನೂ ಇಳಿಯುತ್ತೆ.